ಬಾಗಿಲಿಗೆ ಬಂದ ಕಾಲುದಾರಿ

ಎರಡು ಕಾಲಿನ ಮೇಲೆ ನಡೆಯಲು ಕಲಿತದ್ದೇ ಮನುಷ್ಯನ ಮೊದಲ ಮಹತ್ಸಾಧನೆ. ಹೀಗೆಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿ ಜೀವಮಾನವಿಡೀ ಪಾಠ ಹೇಳಿದ ನಾನು, ನಿವೃತ್ತನಾದ ಮೇಲೆ ಮಾಡಿದ ಮೊದಲ ಸಾಧನೆಯೆಂದರೆ ಮನೆಯೆದುರಿನ ಕಾಲುದಾರಿಗೆ ಅಡ್ಡ ಗೋಡೆ ಕಟ್ಟಿಸಿದ್ದು. ಅದಕ್ಕೆ ನಾನು ಕೊಟ್ಟ ಕಾರಣ ಸುಳ್ಳು. ನಿಜವನ್ನು ಇಷ್ಟು ವರ್ಷ ನನ್ನ ಹೆಂಡತಿ ಶಾರದೆಗೂ ಹೇಳಿರಲಿಲ್ಲ.

ರಾಣೇಬೆನ್ನೂರಿನ ಮೇಡ್ಲೇರಿ ರಸ್ತೆಯ ಕಡೆ ನಮ್ಮ ಬಡಾವಣೆ. ಅದರ ನಕ್ಷೆ ಹಾಕಿದ ಪುಣ್ಯಾತ್ಮ ಯಾರೋ, ನಡೆಯುವವರನ್ನು ನೆನೆದಿದ್ದ. ನಮ್ಮ ಬೀದಿಯಿಂದ ಆಚೆಯ ಹಳೆಯ ಓಣಿಗೆ ಒಂದು ಕಿರುದಾರಿ ಬಿಟ್ಟು, ಗಾಡಿ ನುಗ್ಗಬಾರದೆಂದು ಅದರ ಬಾಯಿಗೆ ಎರಡು ಕಲ್ಲು ನೆಡಿಸಿದ್ದ. ಓಣಿ ದಾಟಿದರೆ ಕಾಯಿಪಲ್ಲೆ ಬಜಾರ. ಆ ಓಣಿಯ ಮೆಹಬೂಬಿ ದಿನಾ ಬೆಳಿಗ್ಗೆ ಕಲ್ಲಿನ ಹತ್ತಿರ ನಿಂತು, "ಶಾರದಕ್ಕಾ, ಇನ್ನೂ ತಲಿ ಬಾಚಾಕತ್ತೀರೇನ್ರಿ? ಬದನಿಕಾಯಿ ಬಾಡ್ತಾವ, ಬರ್ರಿ ಲಗೂ!" ಎಂದು ಕೂಗುತ್ತಿದ್ದರು. ಇಬ್ಬರೂ ಚೀಲ ಬೀಸುತ್ತ ಹೋಗುವರು. ಇಬ್ಬರಿಗೂ ಸಕ್ಕರೆ ಕಾಯಿಲೆ. ಡಾಕ್ಟರು ಹೇಳಿದ ನಡಿಗೆ, ಬದನೆಕಾಯಿಯ ಚೌಕಾಸಿಯ ಜೊತೆಗೆ ತಾನಾಗಿಯೇ ಆಗಿಹೋಗುತ್ತಿತ್ತು.

ಆ ದಾರಿ ನೇರ ಬಂದು ನಿಲ್ಲುತ್ತಿದ್ದುದು ನಮ್ಮ ಬಾಗಿಲೆದುರು. ನಿವೃತ್ತನಾದ ವರ್ಷ ನನಗೆ ಎದೆಯಲ್ಲಿ ಏನೋ ಹಿಡಿದಂತಾಗುತ್ತಿತ್ತು. ಡಾಕ್ಟರು ಗ್ಯಾಸ್ ಎಂದರು. ಹಾವೇರಿಯಿಂದ ಬಂದ ಒಬ್ಬ ನೆಂಟ, ವಾಸ್ತು ಬಲ್ಲವ, ಚಹಾ ಹೀರುತ್ತ ಹೊರಗೆ ನೋಡಿ, "ದಾರಿ ಬಂದು ಬಾಗಲಿಗೇ ಗುದ್ದೈತಲ್ರಿ ಮಾಸ್ತರ್ರ. ಯಜಮಾನಗ ಛಲೋ ಅಲ್ಲ" ಎಂದ. ನಾನು ನಕ್ಕೆ. ಗ್ರಹಣದ ದಿನ ಹುಡುಗರೆದುರು ಶೇಂಗಾ ಉಂಡಿ ತಿಂದು ತೋರಿಸಿದವನು ನಗದೆ ಇನ್ನೇನು ಮಾಡಬೇಕು? ಆದರೆ ಅವನು ಹೋದ ಮೇಲೆ — ಆ ದಾರಿಯಲ್ಲಿ ಯಾರೇ ಬರಲಿ, ನೇರ ನನ್ನ ಎದೆಗೇ ಬಂದಂತೆ... ಕುಳಿತಲ್ಲಿ ಕೂರಲಾಗಲಿಲ್ಲ.

ವಾಸ್ತು ಎಂದು ಹೇಳಲು ನಾಚಿಕೆ. ಆದ್ದರಿಂದ ನಾನೇ ಅಧ್ಯಕ್ಷನಾಗಿದ್ದ ಬಡಾವಣೆಯ ಸಂಘದ ಸಭೆಯಲ್ಲಿ, ಆ ಕುರ್ಚಿಯ ಗಾಂಭೀರ್ಯದಿಂದ, 'ಪಾದಚಾರಿಗಳ ಸುರಕ್ಷತೆ'ಯ ಬಗ್ಗೆ ಭಾಷಣ ಮಾಡಿದೆ. ಮಕ್ಕಳು ಕಿರುದಾರಿಯಿಂದ ಓಡಿಬಂದು ಬೈಕಿಗೆ ಸಿಗುತ್ತಾರೆ ಎಂದೆ. ಯಾವ ಮಗುವೂ ಸಿಕ್ಕಿರಲಿಲ್ಲ. ನಡೆಯುವವರಿಗೆ ಪಾರ್ಕಿನಲ್ಲಿ ವಾಕಿಂಗ್ ಟ್ರ್ಯಾಕ್ ಮಾಡಿಸೋಣ ಎಂದೆ. ಕೈಗಳು ಎಷ್ಟು ಬೇಗ ಮೇಲೆದ್ದವೆಂದರೆ ನನಗೇ ಗಾಬರಿ. ಪಕ್ಕದ ಮನೆಯ ವಕೀಲರು ಕಿವಿಯಲ್ಲಿ ಹೇಳಿದರು: "ಛಲೋ ಮಾಡಿದ್ರಿ ಸರ. ಆ ಓಣಿಯವ್ರ ಓಡಾಟ ಭಾಳ ಆಗಿತ್ತು." ಆಗ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ —

ಗೋಡೆ ಏಳುವಾಗ ಮೆಹಬೂಬಿ ಬಂದರು. "ಸರ, ಒಬ್ರು ತೂರೂವಷ್ಟು ಸಂದಿ ಬಿಡಸ್ರಿ. ಗಾಡಿ ಬರಂಗಿಲ್ಲ, ನಾವಷ್ಟ ಬರ್ತೇವಿ."

"ನಿಮ್ಮ ಸುರಕ್ಷತಿಗೇ ಮಾಡಾಕತ್ತೇವಿ, ತಂಗಿ," ಎಂದೆ.

"ಹೌದನ್ರಿ? ನೀವು ಮಾಸ್ತರು, ತಿಳಿದವ್ರು," ಎಂದು ನಂಬಿ ಹೋದರು.

ಶಾರದಾ ಕೆಲವು ದಿನ ಮುಖ್ಯ ರಸ್ತೆ ಸುತ್ತಿ ಹೋದಳು. ಅಲ್ಲಿ ಫುಟ್‌ಪಾತ್ ಎಂಬುದು ಗಟಾರದ ಮೇಲಿನ ಒಡೆದ ಹಾಸುಗಲ್ಲು. ಒಂದು ದಿನ ಬ್ಯಾಡಗಿಗೆ ಹೊರಟ ಮೆಣಸಿನಕಾಯಿ ಲಾರಿ ಚೀಲಕ್ಕೆ ತಾಗಿ ಟೊಮೆಟೊಗಳೆಲ್ಲ ರಸ್ತೆಯ ಪಾಲಾದವು. ಅಂದಿನಿಂದ ಆಟೋ. ಪಾರ್ಕಿಗೆ ಕರೆದರೆ, "ಗಾಣದ ಎತ್ತಿನಂಗ ಸುತ್ತಾಕ ನಾ ಒಲ್ಲೆ. ಎಲ್ಲಿಗೆರ ಹೋಗೂದಿದ್ರ ನಡೀತೇನ್ರಿ" ಎಂದಳು. ಮೆಹಬೂಬಿ ಬರುವುದು ಕಡಿಮೆಯಾಯಿತು. ಆಮೇಲೆ ಫೋನು, ಆಮೇಲೆ ಹಬ್ಬಕ್ಕಷ್ಟೇ ಫೋನು. ಶಾರದೆಗೆ ಈಗ ಇನ್ಸುಲಿನ್. ಕಾಲ್ಬೆರಳುಗಳು ಜೋಮು ಹಿಡಿದೇ ಇರುತ್ತವೆ. ನನ್ನ ಎದೆಯದು ಗ್ಯಾಸೇ ಆಗಿತ್ತು. ಗೋಡೆ ಕಟ್ಟಿದ ಮೇಲೂ ಇತ್ತು.

ಹೋದ ತಿಂಗಳು, ಅವಳಿಗೆ ಸೂಜಿ ಚುಚ್ಚುತ್ತ, ನಿಜ ಹೇಳಿಬಿಟ್ಟೆ. "ನನಗ ಹೇಳಿದ್ರ ಬಾಗಲಾನ ಆ ಕಡಿ ಮಾಡಸ್ತಿದ್ವಲ್ರಿ," ಎಂದಳು. ಅಷ್ಟೇ. ಬೈದಿದ್ದರೆ — ಬೈಯಲಿಲ್ಲ.

ಸಭೆ ಕರೆದು ಅಲ್ಲಿಯೂ ಹೇಳಿದೆ, ಗೋಡೆ ಒಡೆಸೋಣ ಎಂದೆ. ವಕೀಲರು ನಕ್ಕರು: "ನಿಮ್ಮ ಕಾರಣ ಸುಳ್ಳಿರಬಹುದು ಸರ, ನಮ್ಮದು ಖರೇ ಐತಲ್ಲ." ನನ್ನದೊಂದು ಬಿಟ್ಟು ಯಾವ ಕೈಯೂ ಏಳಲಿಲ್ಲ. ನಗರಸಭೆಗೆ ಅರ್ಜಿ ಕೊಟ್ಟೆ.

ನಿನ್ನೆ ಮುಖ್ಯ ರಸ್ತೆ ಸುತ್ತಿ, ನಡೆದೇ, ಮೆಹಬೂಬಿಯ ಮನೆಗೆ ಹೋದೆ. ಎಲ್ಲ ಕೇಳಿಸಿಕೊಂಡರು. "ನಮ್ಮ ಮಂದಿ ಬರಬಾರ್ದಂತ ಕಟ್ಟಿಸ್ಯಾರ ಅಂತ ಓಣ್ಯಾಗ ಎಲ್ಲಾರೂ ಅಂತಿದ್ರು ಸರ. ಮಾಸ್ತರು ಅಂಥವ್ರಲ್ಲ ಅಂತ ನಾನ ಅವ್ರ ಕೂಡ ಜಗಳಾ ತಗದಿದ್ದೆ." ಚಹಾ ಕೊಟ್ಟರು. ಕುಡಿದೆ. ಅಂಥವನಲ್ಲ ಎಂದು ಹೇಳಲು ಬಾಯಿ ಬರಲಿಲ್ಲ.

ನಗರಸಭೆಯಿಂದ ಉತ್ತರ ಬಂದಿಲ್ಲ. ಗೋಡೆ ಇದೆ. ಶಾರದಾ ಬಜಾರಕ್ಕೆ ಆಟೋದಲ್ಲಿ ಹೋಗುತ್ತಾಳೆ.