ಅದಲುಬದಲಾದ ಮಣ್ಣಿನ ಚೀಟಿ

ಗೋವಿನಕೋವಿಯ ನಮ್ಮ ಗದ್ದೆಯ ಪಕ್ಕದ ರಸ್ತೆಯಲ್ಲಿ ಡೀಸೆಲ್ ಟ್ಯಾಂಕರ್ ಮಗುಚಿ, ಎಣ್ಣೆಯೆಲ್ಲ ಕೆಳಗಿನ ಮಡಿಗೆ ಇಳಿದಿತ್ತು. ನಾಟಿ ಮಾಡಿದ್ದ ಭತ್ತ ವಾರದೊಳಗೆ ಕಂದಿಹೋಯಿತು. ಕೆಲವು ತಿಂಗಳ ನಂತರ ಕಾಲೇಜೊಂದರಿಂದ ಮಣ್ಣಿನ ಸಂಶೋಧನೆ ಮಾಡುವ ಹೆಣ್ಣುಮಗಳೊಬ್ಬಳು ಬಂದಳು. ಆ ಮಡಿಯಲ್ಲಿ ಲಾವಂಚ ನೆಟ್ಟು ಮಣ್ಣು ಸರಿಹೋಗುತ್ತದೆಯೇ ನೋಡುತ್ತಾಳಂತೆ. ನಾವೇನೂ ಕೊಡಬೇಕಿಲ್ಲವಂತೆ.

ಅತ್ತೆ ನನ್ನನ್ನು ಅಡುಗೆಮನೆಗೆ ಕರೆದರು. "ಪುಕ್ಕಟೆ ಮಾಡಾಕೆ ಅವಳಿಗೇನು ಹುಚ್ಚೇನವ್ವಾ? ಪರಿಹಾರ ತಪ್ಪಿಸಾಕೆ ಟ್ಯಾಂಕರಿನೋರೇ ಕಳಿಸಿರ್ತಾರೆ. ಮಣ್ಣು ಚೆನ್ನಾಗೈತೆ ಅಂತ ಬರಕೊಂಡು ಹೋಗ್ತಾಳೆ, ನೋಡ್ತಿರು."

ನನಗೂ ಹಾಗೇ ಅನಿಸಿತ್ತು. ಹೇಗೂ ಏನೂ ಬೆಳೆಯದ ಮಡಿ ಎಂದು ಒಪ್ಪಿಕೊಂಡೆವು. ಒಪ್ಪಿದ ಮೇಲೆ ಅನುಮಾನ ಇನ್ನೂ ಬಲಿಯಿತು. ಲಾವಂಚ ಸೊಂಪಾಗಿ ಎದ್ದಾಗ, "ದನಕ್ಕೆ ಹಾಕಬೇಡ್ರಿ ಅಕ್ಕ" ಎಂದಳು. ಒಳ್ಳೆಯ ಹುಲ್ಲಾದರೆ ಯಾಕೆ ಬೇಡ? ತಿಂಗಳಿಗೊಮ್ಮೆ ಕೆಟ್ಟ ಮಡಿಯಿಂದ ಒಂದು ಚೀಲ, ಮೇಲಿನ ಒಳ್ಳೆಯ ಮಡಿಯಿಂದ ಒಂದು ಚೀಲ ಮಣ್ಣು ತುಂಬಿ, ಚೀಟಿ ಹಾಕಿ, ಐಸ್ ಡಬ್ಬಿಯಲ್ಲಿಟ್ಟು ಒಯ್ಯುತ್ತಿದ್ದಳು.

"ಮಣ್ಣಿಗ್ಯಾಕ್ರೀ ಐಸು?" ಎಂದು ಕೇಳಿದೆ.

"ಮಣ್ಣಾಗ ಇರೋ ಸೂಕ್ಷ್ಮಜೀವಿಗಳು ಕಿಣ್ವ ಅಂತ ಮಾಡ್ತಾವೆ. ಎಣ್ಣೆ ಕರಗಿಸಾಕೆ ಅದು ಬೇಕು. ಎಷ್ಟು ಕೆಲಸ ಮಾಡ್ತೈತೆ ಅಂತ ಅಳೀತೀನಿ. ಬಿಸಿಗೆ ಕೆಟ್ಟರೆ ತಪ್ಪು ಉತ್ತರ ಬರ್ತೈತೆ."

ನಂಬಿಕೆ ಬರಲಿಲ್ಲ. ಒಂದು ದಿನ ಅವಳು ಕಾಲುವೆಗೆ ಕೈ ತೊಳೆಯಲು ಹೋದಾಗ ಎರಡೂ ಚೀಲದ ಚೀಟಿಗಳನ್ನು ಅದಲುಬದಲು ಮಾಡಿಬಿಟ್ಟೆ. ಪರೀಕ್ಷೆಯನ್ನೇ ಮಾಡದೆ ಬರೆದುಕೊಳ್ಳುವವಳಾದರೆ ಅವಳಿಗೆ ಗೊತ್ತೇ ಆಗುವುದಿಲ್ಲ.

ಮುಂದಿನ ತಿಂಗಳು ಎರಡು ಗಾಜಿನ ನಳಿಕೆ ಹಿಡಿದುಕೊಂಡು ಬಂದಳು. ಬಣ್ಣವಿಲ್ಲದ ಔಷಧಿ ಬೆರೆಸಿ ಒಂದು ದಿನ ಇಟ್ಟರೆ ಜೀವವಿರುವ ಮಣ್ಣು ಅದನ್ನು ಕೆಂಪಾಗಿಸುತ್ತದಂತೆ. ಒಂದು ದಾಸವಾಳದಂತೆ ಕೆಂಪಾಗಿತ್ತು, ಇನ್ನೊಂದು ಬರೀ ನಸುಗೆಂಪು.

"ಮೂರು ಸಲ ಮಾಡಿದೆ ಅಕ್ಕ. ಕೆಟ್ಟ ಮಡಿ ಅಂತ ಚೀಟಿ ಇರೋದೇ ಹೆಚ್ಚು ಕೆಂಪಾಗೈತೆ. ಚೀಟಿ ಅದಲುಬದಲಾಗಿರಬೇಕು."

ನಾಚಿಕೆಯಿಂದ ತಲೆ ತಗ್ಗಿಸಿದೆ. "ನಾನೇ ಮಾಡಿದ್ದು ಕಣ್ರೀ" ಎಂದೆ.

ಅವಳ ಮುಖ ಬಾಡಿತು. "ಚೀಟಿ ನಂಬಾಕಾಗದ ಲೆಕ್ಕ ಬರೆಯಂಗಿಲ್ಲ, ಒಂದು ತಿಂಗಳ ಕೆಲಸ ಹೋಯ್ತಲ್ರೀ" ಎಂದಳು. ಆಮೇಲೆ ಪೆನ್ಸಿಲನ್ನು ನನ್ನ ಕೈಗೆ ಕೊಟ್ಟಳು. "ಇನ್ಮೇಲೆ ಮಣ್ಣು ತುಂಬಿ ಚೀಟಿ ನೀವೇ ಬರೀರಿ. ಬರೇ ನಂಬರ್. ಯಾವುದು ಯಾವ ಮಡಿದು ಅಂತ ನಾನು ಉತ್ತರ ತಂದ ಮೇಲೆ ಹೇಳ್ರಿ."

ಅಲ್ಲಿಂದಾಚೆ ಹಾಗೇ ಮಾಡಿದೆವು. ಮೊದಮೊದಲು ಕಡಿಮೆ ಕೆಂಪಾದದ್ದು ಪ್ರತಿ ಸಲವೂ ಕೆಟ್ಟ ಮಡಿಯದೇ ಆಗಿರುತ್ತಿತ್ತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಲಾವಂಚದ ಬೇರಿನ ಬುಡದ ಮಣ್ಣು ಮೇಲಿನ ಮಡಿಯ ಮಣ್ಣಿನಷ್ಟೇ ಕೆಂಪಾಗತೊಡಗಿತು. ಅತ್ತೆಗೆ ಸಂತೋಷ. "ಹಂಗಾದ್ರೆ ಭತ್ತ ಹಾಕಾನ" ಎಂದರು.

"ಕೆಂಪಾಯ್ತು ಅಂದ್ರೆ ಮಣ್ಣಿಗೆ ಜೀವ ಬಂತು ಅಂತ ಅಷ್ಟೇ ಅಮ್ಮ. ಎಣ್ಣೆ ಪೂರ್ತಿ ಹೋಯ್ತಾ ಅನ್ನೋದಕ್ಕೆ ಬೇರೆ ಪರೀಕ್ಷೆ ಐತೆ" ಎಂದಳು ಅವಳು.

ಅತ್ತೆ ಸಿಡುಕಿದರು. ಟ್ಯಾಂಕರಿನವರು ಕಳಿಸಿದವಳಾಗಿದ್ದರೆ ಆಗಲೇ ಮಣ್ಣು ಚೆನ್ನಾಗಿದೆ ಎಂದುಬಿಡುತ್ತಿದ್ದಳು; ನಾನು ಮಾತ್ರ ಅಂದೇ ಅವಳನ್ನು ಪೂರ್ತಿ ನಂಬಿದೆ. ಆ ವರ್ಷವೂ ಆ ಮಡಿಗೆ ಭತ್ತ ಹಾಕಲಿಲ್ಲ.