ಓರೆಸ್ಟನ ಕುರ್ಚಿ

ನಮ್ಮೂರಿನ ಶಾಲೆಯಲ್ಲಿ ಕ್ರಿಸ್‌ಮಸ್ ಹಾಡಿನ ದಿನ ಕುರ್ಚಿ ಹಿಡಿಯಬೇಕಾದರೆ ಅದರ ಮೇಲೆ ಕೋಟು ಹಾಸಬೇಕು. ಕೋಟು ಹಾಸಿದ ಕುರ್ಚಿಯನ್ನು ಯಾರೂ ಮುಟ್ಟುವುದಿಲ್ಲ. ಮರ್ಲಾಳ ಪಕ್ಕದ ಕುರ್ಚಿಗೆ ನನ್ನ ಹಸಿರು ಕೋಟು ಹಾಸುತ್ತಿರುವುದು ಇದು ಮೂರನೇ ವರ್ಷ. ಆ ಕುರ್ಚಿ ಅವಳ ಗಂಡ ಓರೆಸ್ಟನದು.

ಓರೆಸ್ಟ್ ನಮ್ಮ ಪಕ್ಕದ ಮನೆಯವನು, ಊರಿನ ರಸ್ತೆಗಳ ಹಿಮ ತಳ್ಳುವ ಲಾರಿಯ ಡ್ರೈವರ್. ಮಾತು ಬಲು ಕಡಿಮೆ. ನಾಲ್ಕು ಜನರ ಮುಂದೆ ಹೆಸರು ಹಿಡಿದು ಕರೆದರೆ ಸಾಕು, ಕಿವಿ ಕೆಂಪಾಗುತ್ತದೆ. ಹಿಮ ಬಿದ್ದಾಗ ಎಲ್ಲರೂ ಮನೆ ಸೇರಿದರೆ ಇವನು ಮನೆ ಬಿಡಬೇಕು. ಈ ಸಸ್ಕಾಚೆವಾನಿನ ಹಿಮಕ್ಕೆ ಹಾಡಿನ ದಿನವೇ ಸುರಿಯಬೇಕೆಂಬ ಹಟವೋ ಏನೋ, ಮಗಳು ಕಲೀನಾ ವೇದಿಕೆ ಹತ್ತಿದ ಎರಡು ಸಲವೂ ಅವನಿಗೆ ಬರಲಾಗಲಿಲ್ಲ. ಹಿಮ ತೆಗೆಯಬೇಕಾದದ್ದು ಆಸ್ಪತ್ರೆಯ ರಸ್ತೆ ಮೊದಲು, ಶಾಲೆಯದು ಕೊನೆಗೆ. ಆಮೇಲೆ ನನ್ನ ಅಡಿಗೆಮನೆಯಲ್ಲಿ ಕುಳಿತು, "ಎಲ್ಲಿ ನಿಂತಿದ್ಲು? ನಗ್ತಿದ್ಲಾ?" ಎಂದು ಕೇಳಿದ್ದನ್ನೇ ಕೇಳುತ್ತಿದ್ದ. ವಿಡಿಯೋ ತೋರಿಸಿದರೆ ಅರ್ಧಕ್ಕೇ ಫೋನು ವಾಪಸು ಕೊಡುತ್ತಿದ್ದ.

ಅಪ್ಪ ಮಗಳಿಗೊಂದು ಆಟವಿದೆ. ಸಂಜೆ ಲಾರಿ ಮನೆ ಮುಂದೆ ಹಾಯುವಾಗ ಅದರ ತಲೆಯ ಮೇಲೆ ತಿರುಗುವ ಕಿತ್ತಳೆ ದೀಪದ ಬೆಳಕು ಅವರ ಗೋಡೆಯನ್ನು ಸವರುತ್ತದೆ. ಬೆಳಕು ಬಂದಾಗಲೆಲ್ಲ ಕಲೀನಾ ಕಿಟಕಿಯ ಸರಳಿಗೆ ಚಮಚದಿಂದ ಟಣ್ ಎಂದು ಬಡಿಯುತ್ತಾಳೆ. ರಸ್ತೆಯಿಂದ ಅಪ್ಪ ಪೋಂ ಎಂದು ಹಾರನ್ ಒತ್ತಿದ ಮೇಲೆಯೇ ಚಮಚ ಕೆಳಗಿಡುವುದು. ಪಕ್ಕದ ಮನೆಯವರ ಕಿವಿಯ ಪಾಡು ಇಬ್ಬರಿಗೂ ಬೇಡ.

ಈ ಸಲ ಒಂದನೇ ಕ್ಲಾಸಿನ ಹಾಡಿಗೆ ಅವಳಿಗೆ ಟ್ರಯಾಂಗಲ್ ಸಿಕ್ಕಿತು. ಮೂರು ಮೂಲೆಗೆ ಬಗ್ಗಿಸಿದ ಕಬ್ಬಿಣದ ಕಂಬಿ. ಹಾಡು ಮುಗಿದ ಮೇಲೆ ಅದನ್ನು ಒಂದೇ ಒಂದು ಸಲ ಬಡಿಯಬೇಕು.

"ಅಪ್ಪ, ಒಂದೇ ಸಲ. ನೀನಿಲ್ದಿದ್ರೆ ಮುಗ್ದೇ ಹೋಗತ್ತೆ."

"ಬಂದೇ ಬರ್ತೀನಿ ಪುಟ್ಟಿ," ಎಂದಿದ್ದ. ಹಾಡಿನ ದಿನ ಮಧ್ಯಾಹ್ನದಿಂದಲೇ ಹಿಮ ಸುರಿಯತೊಡಗಿತು.

ಸಂಜೆ ಶಾಲೆಯಲ್ಲಿ ನಾನು ಕೋಟು ಹಾಸಿ ಕೂತಾಗ ಹಿಂದಿನ ಸಾಲಿನಲ್ಲಿದ್ದ ನಮ್ಮೂರಿನ ವಾಲ್ಟ್ ಬಗ್ಗಿ, "ನಿನ್ನ ಕೋಟು ಆ ಅಪ್ಪನಿಗಿಂತ ಜಾಸ್ತಿ ಹಾಡು ಕೇಳಿದೆ, ಬಿಡಮ್ಮ," ಎಂದ.

"ನಿನ್ನ ಮನೆ ಮುಂದೆ ಹಿಮ ತೆಗೆದಿದ್ದು ಯಾರು, ನಿಮ್ಮಜ್ಜನಾ?" ಎಂದೆ. ಮರ್ಲಾ ನಗಲಿಲ್ಲ, ಬಾಗಿಲನ್ನೇ ನೋಡುತ್ತಿದ್ದಳು.

ಮಕ್ಕಳು ಬಂದರು. ಕಾಗದದ ಕಿರೀಟ ಮೂಗಿಗಿಳಿದವನೊಬ್ಬ, ಅಮ್ಮನಿಗೆ ಕೈ ಬೀಸುತ್ತ ಹಾಡು ಮರೆತವಳೊಬ್ಬಳು, ಎಲ್ಲರಿಗಿಂತ ಒಂದು ಸಾಲು ಮುಂದೆ ಓಡುವವನೊಬ್ಬ. ಇಷ್ಟು ಕೆಟ್ಟ ಹಾಡು ಕೇಳಿ ಇಷ್ಟು ಸಂತೋಷವಾಗುವುದು ಮಕ್ಕಳು ಹಾಡಿದಾಗ ಮಾತ್ರ. ಕಲೀನಾ ಸಾಲಿನ ಕೊನೆಯಲ್ಲಿ ನಿಂತು ಕತ್ತಲಲ್ಲಿ ಯಾರನ್ನೋ ಹುಡುಕುತ್ತಿದ್ದಳು.

ಹಾಡು ಮುಗಿಯಿತು. ಟೀಚರ್ ಮಿಸೆಸ್ ಫ್ರೀಸನ್ ಕೈ ಎತ್ತಿದರು. ಕಲೀನಾ ಬಡಿಯಲಿಲ್ಲ. ಮತ್ತೆ ಎತ್ತಿದರು.

"ಬಡಿ, ಚಿನ್ನಾ!" ಎಂದರು.

"ಅಪ್ಪ ಬಂದಿಲ್ಲ."

ಮರ್ಲಾ ನನ್ನ ಕೈ ಹಿಸುಕಿದಳು.

ಆಗ ಎತ್ತರದ ಕಿಟಕಿಗಳಿಂದ ಕಿತ್ತಳೆ ಬೆಳಕು ಒಳಬಂದು ಚಾವಣಿಯನ್ನು ಸವರಿತು.

ಟಣ್!

ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ಓರೆಸ್ಟ್ ಅವಸರದಲ್ಲಿ ದೀಪ ಆರಿಸದೆ ಲಾರಿಯಿಂದ ಇಳಿದಿದ್ದ. ಬೆಳಕು ಮತ್ತೆ ಬಂತು. ಟಣ್! ಮತ್ತೆ ಬಂತು. ಟಣ್! ಮಿಸೆಸ್ ಫ್ರೀಸನ್ "ಸಾಕಮ್ಮ, ಸಾಕು" ಎಂದು ಕೈಯಾಡಿಸಿದರೂ ಅವಳು ಬೆಳಕನ್ನು ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ. ಜನ ಬಿದ್ದು ಬಿದ್ದು ನಕ್ಕರು.

ನಾನು ಹಿಂದಕ್ಕೆ ತಿರುಗಿದೆ. ಬೂಟುಗಳನ್ನು ಶಾಲೆಯ ಬಾಗಿಲಲ್ಲೇ ಬಿಡುವ ವಾಡಿಕೆಯಿಂದ ಅವನು ಬಂದದ್ದು ಯಾರಿಗೂ ಕೇಳಿಸಿರಲಿಲ್ಲ. ತೂತುಬಿದ್ದ ಕಾಲುಚೀಲದಲ್ಲಿ, ಒದ್ದೆ ಗಡ್ಡದಲ್ಲಿ, ಗೋಡೆಗೊರಗಿ ನಿಂತು ಓರೆಸ್ಟ್ ನಗುತ್ತಲೇ ಅಳುತ್ತಿದ್ದ. ವೇದಿಕೆಯ ಮೇಲೆ ಟಣ್ ಟಣ್ ನಡೆದೇ ಇತ್ತು. ಮಗಳು ಏನಕ್ಕೆ ಕಾಯುತ್ತಿದ್ದಾಳೆಂದು ಅವನಿಗೆ ಗೊತ್ತು. ಕಿವಿ ಕೆಂಪಾಯಿತು. ಎರಡೂ ಕೈಗಳನ್ನು ಬಾಯಿಗೆ ಹಿಡಿದು, ಇಡೀ ಊರಿನ ಮುಂದೆ, ಗಂಟಲು ಬಿರಿಯುವ ಹಾಗೆ ಕೂಗಿದ:

"ಪೋಂ!"

ಕಲೀನಾ ಟ್ರಯಾಂಗಲ್ ಕೆಳಗಿಳಿಸಿದಳು. ನಾನು ಕುರ್ಚಿಯಿಂದ ಕೋಟು ಎತ್ತಿಕೊಂಡೆ.