ಯಶ್ವಂತ ಹೇಳಿದ ಮೇಲೆ

ಮಲ್ಪೆಯ ಯಶ್ವಂತನಿಗೆ ಇರುವಷ್ಟು ಬುದ್ಧಿ ಇಡೀ ಬಂದರಿನಲ್ಲಿ ಇನ್ನೊಬ್ಬರಿಗಿಲ್ಲ. ಇದನ್ನು ಊರೆಲ್ಲ ಒಪ್ಪುತ್ತದೆ. ಅವನಂತೂ ಊರಿಗಿಂತ ಮೊದಲೇ ಒಪ್ಪಿದ್ದಾನೆ. ಎಸ್ಸೆಸ್ಸೆಲ್ಸಿಯಲ್ಲಿ ಜಿಲ್ಲೆಗೇ ಮೊದಲಿಗ. ನಿಟ್ಟೆಯಲ್ಲಿ ಎಂಜಿನಿಯರಿಂಗ್ ಸೇರಿದವನು, ಪರೀಕ್ಷೆಯ ಪ್ರಶ್ನೆಗಳು ತೀರಾ ಸಪ್ಪೆ ಎಂದು ತಾನೇ ಒಂದು ಕಷ್ಟದ ಪ್ರಶ್ನೆ ಬರೆದು, ಅದಕ್ಕೆ ಉತ್ತರಿಸಿ ಫೇಲಾಗಿ ಬಂದ. ಈಗ ಐಸ್ ಪ್ಲಾಂಟಿನಲ್ಲಿ ಲಾರಿಗಳಿಗೆ ಮಂಜುಗಡ್ಡೆ ತುಂಬಿಸುತ್ತಾನೆ. ಅದು ಯಾಕೆ ಕರಗುತ್ತದೆ ಎಂದು ಚಾಲಕರಿಗೆ ವಿವರಿಸುತ್ತಾನೆ. ಅಷ್ಟರಲ್ಲಿ ಅದು ಕರಗಿರುತ್ತದೆ.

ವಯಸ್ಸು ಮೂವತ್ತೆಂಟಾದರೂ ಮದುವೆ ಇಲ್ಲ. ಅಂತೂ ಕಾಪುವಿನ ಒಂದು ಮನೆಯಲ್ಲಿ ಹೆಣ್ಣು ನೋಡಲು ಕರೆದರು. ತಾಯಿ ನಳಿನಾಕ್ಷಿ ದಾರಿಯುದ್ದಕ್ಕೂ ಬೇಡಿಕೊಂಡರು: "ಮಗಾ, ಅಲ್ಲಿ ಎಂತದ್ದೂ ವಿವರಿಸಲಿಕ್ಕೆ ಹೋಗಬೇಡ."

ಹುಡುಗಿ ತೃಪ್ತಿ, ಮಣಿಪಾಲದ ಲ್ಯಾಬೊಂದರಲ್ಲಿ ಕೆಲಸ. ಯಶ್ವಂತ ಆ ಮಂಜುಗಡ್ಡೆಯ ಕತೆ ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನಿಗೆ ಎದೆ ತುಂಬಿ ಬಂತು. ಆದರೆ ಇವಳೇ ಸೈ ಎಂದು ತೀರ್ಮಾನಿಸಿ ಸುಮ್ಮನೆ ಕೂರುವುದು ಅವನ ಜಾಯಮಾನವೇ?

ಇವರಲ್ಲಿ ವಂಶಕ್ಕೆ ಬಳಿ ಎನ್ನುತ್ತಾರೆ. ಅದು ತಾಯಿಯಿಂದ ಮಕ್ಕಳಿಗೆ ಬರುವುದು. ಒಂದೇ ಬಳಿಯವರು ಅಣ್ಣ ತಂಗಿಯರ ಲೆಕ್ಕ, ಮದುವೆ ಕೂಡದು. ಎರಡು ಮನೆಯವರೂ ಫೋನಿನಲ್ಲೇ ವಿಚಾರಿಸಿ, ಬಳಿ ಬೇರೆ ಬೇರೆ ಎಂದು ಖಚಿತಪಡಿಸಿಕೊಂಡಿದ್ದರು. ಯಶ್ವಂತ ಮತ್ತೆ ಕೆದಕಿದ.

"ನಿಮ್ಮ ತವರು ಎಲ್ಲೂರಿನ ಕೆಳಮನೆಯಾ?" ಎಂದು ತೃಪ್ತಿಯ ತಾಯಿಯನ್ನು ಕೇಳಿದ.

"ಹೌದು."

"ನನ್ನ ಅಮ್ಮನ ಅಪ್ಪ ಹುಟ್ಟಿದ್ದೂ ಅಲ್ಲೇ! ಒಂದೇ ಮನೆಗೆ ಎರಡು ಬಳಿ ಹೇಗೆ ಉಂಟು? ಯಾರೋ ಹೆಸರು ತಪ್ಪು ಹೇಳಿದ್ದಾರೆ. ತೃಪ್ತಿ ನನಗೆ ತಂಗಿ ಆಗಬೇಕು."

ನಳಿನಾಕ್ಷಿಗೆ ಎಲ್ಲೋ ಏನೋ ಸರಿಯಿಲ್ಲ ಅನ್ನಿಸಿತು. ಆದರೆ ಜಿಲ್ಲೆಗೇ ಮೊದಲಿಗನಾದ ಮಗನೆದುರು ತಾನೆಷ್ಟರವಳು? ಸಂಬಂಧ ಅಲ್ಲಿಗೇ ಮುರಿಯಿತು. ಯಶ್ವಂತ ವಾರಗಟ್ಟಲೆ ಸರಿಯಾಗಿ ಊಟ ಮಾಡಲಿಲ್ಲ. ಸಂಕಟವಂತೂ ನಿಜ, ಜೊತೆಗೆ ದೊಡ್ಡ ಅನಾಹುತ ತಪ್ಪಿಸಿದೆನೆಂಬ ಹೆಮ್ಮೆ ಬೇರೆ.

ವರ್ಷದೊಳಗೆ ಕಾರ್ಕಳದ ಗಂಡಿನೊಂದಿಗೆ ತೃಪ್ತಿಯ ಮದುವೆ ನಿಶ್ಚಯವಾಯಿತು. ಅವಳಿಗೆ ಒಡಹುಟ್ಟಿದವರಿಲ್ಲ. ಅಣ್ಣನ ಸ್ಥಾನದಲ್ಲಿ ಕೈಹಿಡಿದು ಮಂಟಪಕ್ಕೆ ಕರೆದೊಯ್ಯಲು ಯಶ್ವಂತನಿಗೇ ಹೇಳಿಕೆ ಬಂತು. ಹೊಸ ಪಂಚೆ ಉಟ್ಟು ಹೋದ.

ಮದುಮಗಳು ಬರುವ ಮುಂಚೆ, ಹೆಣ್ಣು ನೋಡುವ ದಿನವೂ ಜೊತೆಗಿದ್ದ ಯಶ್ವಂತನ ಸೋದರಮಾವ ದೂಮಪ್ಪ ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು: "ನಿನ್ನ ಅಜ್ಜ ಕೆಳಮನೆಯವರು, ಸರಿ. ಆದರೆ ನಮಗೆ ಬಳಿ ಬಂದದ್ದು ಅಜ್ಜಿಯಿಂದ ಅಲ್ವಾ? ಅಜ್ಜನ ಬಳಿ ಅಜ್ಜನಿಗೇ ಮುಗಿಯಿತು."

ಯಶ್ವಂತ ಬೆರಳು ಮಡಚಿ ಲೆಕ್ಕ ಹಾಕಿದ: ಅಜ್ಜಿ, ಅಮ್ಮ, ತಾನು. "ಅದನ್ನು ಆವತ್ತೇ ಯಾಕೆ ಹೇಳಲಿಲ್ಲ ಮಾವ?"

"ನೀನು ಹೇಳಿದ ಮೇಲೆ ನಾವು ಎಂತ ಹೇಳುವುದು ಮಾರಾಯ? ನಿನಗೆ ಬುದ್ಧಿ ಉಂಟಲ್ಲ!"

ಅಷ್ಟರಲ್ಲಿ ವಾಲಗ ಜೋರಾಯಿತು. ತೃಪ್ತಿ ಬಂದು ಕೈ ನೀಡಿದಳು. ಹಿಡಿದುಕೊಂಡ. ಸತ್ಯ ನಾಲಗೆಯ ತುದಿಯಲ್ಲಿತ್ತು. ಮಂಟಪದಲ್ಲಿ ಕಾರ್ಕಳದ ಹುಡುಗ ಬೆವರು ಒರೆಸಿಕೊಳ್ಳುತ್ತಾ ಇವಳನ್ನೇ ನೋಡಿ ನಗುತ್ತಿದ್ದ.

"ಅಣ್ಣ, ಕೈ ಯಾಕೆ ನಡುಗುವುದು?"

"ಎಂತ ಇಲ್ಲ. ಎಸಿ ಜಾಸ್ತಿ ಉಂಟು."

ಆ ಸಭಾಂಗಣದಲ್ಲಿ ಎಸಿ ಇರಲೇ ಇಲ್ಲ. ಯಶ್ವಂತಣ್ಣ ಹೇಳಿದ ಮೇಲೆ ಇರಬೇಕು ಎಂದುಕೊಂಡು, ತೃಪ್ತಿ ಸೆರಗನ್ನು ಹೆಗಲ ಸುತ್ತ ಎಳೆದುಕೊಂಡಳು.